ಗದಗಿನ ಹುಡುಗಿ ಹಡಗು ಹತ್ತಿದರೆ ನಂಬ್ತೀರಾ?

ಜೋಕಾಲಿ (ಧಾರವಾಡ)
ಎಲ್ಲರಿಗೂ ನಮಸ್ಕಾರ. ಆರು ತಿಂಗಳಿಂದ ರಾತ್ರಿ ಮಕ್ಕಳು ಮಲಗಿದ ಮೇಲೆ ಒಂದು ಮಕ್ಕಳ ಕಾದಂಬರಿ ಬರೆಯುತ್ತಿದ್ದೇನೆ. ಕಾಲ 1863. ಗದಗಿನ ಹತ್ತಿರದ ಹಳ್ಳಿ. ಹುಡುಗಿ ಹೆಸರು ನೀಲವ್ವ, ಹನ್ನೆರಡು ವರ್ಷ. ಅವಳ ಅಪ್ಪ ಹತ್ತಿ ದಲಾಲರ ಹತ್ತಿರ ಗುಮಾಸ್ತ. ಹತ್ತಿ ಚಕ್ಕಡಿಗಳ ಜೊತೆ ಕುಮಟಾಕ್ಕೆ ಹೋದವನು ತಿರುಗಿ ಬಂದಿಲ್ಲ. ಪತ್ತೆಮಾರಿ ಅನ್ನುವ ಹಾಯಿ ಹಡಗು ಏರಿ ಮುಂಬೈಗೆ ಹೋದ ಅಂತ ಒಬ್ಬ ಬಂಡಿಯವನು ಹೇಳುತ್ತಾನೆ. ನಾಗರ ಪಂಚಮಿ ದಿನ ಊರೆಲ್ಲ ಜೋಕಾಲಿ ಗದ್ದಲದಲ್ಲಿದ್ದಾಗ ಇವಳು ಹತ್ತಿ ಅಂಡಿಗೆಗಳ, ಅಂದರೆ ಹತ್ತಿ ತುಂಬಿದ ದೊಡ್ಡ ಮೂಟೆಗಳ ನಡುವೆ ಅಡಗಿ ಕೂತು ಘಟ್ಟ ಇಳಿಯುತ್ತಾಳೆ. ಕುಮಟಾದಲ್ಲಿ ಗಂಡುಹುಡುಗನ ವೇಷ ಹಾಕಿ ಹಡಗು ಹತ್ತುತ್ತಾಳೆ.

ಮೊದಲ ನಾಲ್ಕು ಅಧ್ಯಾಯ ಓದಿದ ನಮ್ಮ ಯಜಮಾನರು, "ಗದಗ ಎಲ್ಲಿ, ಸಮುದ್ರ ಎಲ್ಲಿ?" ಅಂದು ಫೈಲ್ ಮುಚ್ಚಿಬಿಟ್ಟರು. ಈಗ ನನಗೂ ಅನುಮಾನ. ನಾನು ದೋಣಿಯಲ್ಲಿ ಕೂತಿದ್ದು ಉಣಕಲ್ ಕೆರೆಯಲ್ಲಿ ಮಾತ್ರ. ಹಡಗಿನಲ್ಲಿ ಏನು ತಿಂತಿದ್ದರು, ಎಲ್ಲಿ ಮಲಗುತ್ತಿದ್ದರು, ಇಂಥ ಹುಡುಗಿಯನ್ನು ಯಾರಾದರೂ ಹತ್ತಿಸಿಕೊಳ್ಳುತ್ತಿದ್ದರಾ? ತಿಳಿದವರು ಹೇಳಿ. ಬೈದರೂ ಪರವಾಗಿಲ್ಲ.

ಉಣಕಲ್ ಕೆರೆ (ಹುಬ್ಬಳ್ಳಿ)
ನನ್ನ ಹೆಸರು ಬಂತು ಅಂತ ಓಡಿ ಬಂದೆ. ಕೆರೆಯಲ್ಲೂ ಅಲೆ ಏಳ್ತವೆ ಮೇಡಂ, ಹಗುರವಾಗಿ ನೋಡಬೇಡಿ.

ಎರಿಹೊಲ (ಗದಗ)
ಗದಗಿಗೂ ಸಮುದ್ರಕ್ಕೂ ಸಂಬಂಧ ಇಲ್ಲ ಅನ್ನೋರಿಗೆ ಒಂದೇ ಮಾತು. ನಮ್ಮ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಬೆಳೆದ ಹತ್ತಿಗೆ ಪೇಟೆಯಲ್ಲಿ ಇದ್ದ ಹೆಸರು ಏನು? ಕುಮಟಾ ಹತ್ತಿ! ಕುಮಟಾದಲ್ಲಿ ಒಂದು ಗಿಡ ಹತ್ತಿ ಬೆಳೆಯಲ್ಲ. ಆ ಬಂದರಿನಿಂದ ಹೋಗುತ್ತಿತ್ತು ಅಂತ ಆ ಹೆಸರು. ನಿಮ್ಮ ಯಜಮಾನರಿಗೆ ಇದನ್ನು ಹೇಳಿ, ಫೈಲ್ ತಾವೇ ತೆಗೀತಾರೆ.

ಗೆಜೆಟಿಯರ್ ಹುಳು (ಧಾರವಾಡ)
ಮೇಲಿನವರು ಹೇಳಿದ್ದು ಸರಿ. 1863 ಆರಿಸಿದ್ದೂ ಬಹಳ ಚಲೋ ಆಯ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಒಳಯುದ್ಧ. ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರೋದು ನಿಂತಿತು. ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಇಲಾಖೆಗೆ ಸೇರಿಸಿದ್ದು 1862ರಲ್ಲಿ. ಧಾರವಾಡದ ಹತ್ತಿಗೆ ಬಂದರು, ರಸ್ತೆ ಬೇಕು ಅಂತ ಮುಂಬೈ ವ್ಯಾಪಾರಿಗಳು ಹಿಂದೆ ಬಿದ್ದಿದ್ದೂ ಅದಕ್ಕೊಂದು ಕಾರಣ.

ಇನ್ನೊಂದು. 1863ರಲ್ಲೇ ಮುಂಬೈ ಸರ್ಕಾರ ಹತ್ತಿಯಲ್ಲಿ ಮೋಸ ಮಾಡುವವರ ಮೇಲೆ ಕಾಯ್ದೆ ತಂದಿತು. ಅಂಡಿಗೆಯಲ್ಲಿ ಕಾಳು ಬೆರೆಸೋದು, ನೀರು ಹೊಡೆದು ತೂಕ ಏರಿಸೋದು ಅಷ್ಟು ಜಾಸ್ತಿ ಆಗಿತ್ತು. ನಿಮ್ಮ ಗುಮಾಸ್ತ ಯಾಕೆ ಕಾಣೆಯಾದ ಅನ್ನೋದಕ್ಕೆ ಇಲ್ಲೇ ಕಾರಣ ಸಿಗುತ್ತದೆ ನೋಡಿ. ಧಣಿಯ ಅಂಡಿಗೆಯಲ್ಲಿ ಏನಿತ್ತು ಅಂತ ಅವನು ಕಣ್ಣಾರೆ ಕಂಡಿರಬಹುದು.

ಜೋಕಾಲಿ (ಧಾರವಾಡ)
ಅಯ್ಯೋ ಸರ್! ನಾನು ಅಪ್ಪನನ್ನು ಸುಮ್ನೆ ಜ್ವರ ಬರಿಸಿ ಮುಂಬೈ ಆಸ್ಪತ್ರೆಯಲ್ಲಿ ಮಲಗಿಸಿದ್ದೆ. ಇದು ನೂರು ಪಾಲು ಚೆನ್ನಾಗಿದೆ. ಕದೀತೀನಿ.

ಸುಮ್ನೆ ಓದುಗ (ಹುಬ್ಬಳ್ಳಿ)
ಹುಬ್ಬಳ್ಳಿಯಿಂದ ರೈಲು ಹಿಡಿದು ಮುಂಬೈಗೆ ಹೋದರೆ ಮುಗೀತಲ್ಲ. ಹಡಗು ಯಾಕೆ ಬೇಕು?

ಗೆಜೆಟಿಯರ್ ಹುಳು (ಧಾರವಾಡ)
ರೈಲು ಇದ್ದರೆ ತಾನೇ. ಹುಬ್ಬಳ್ಳಿ ಧಾರವಾಡಕ್ಕೆ ಲೋಂಡಾ ಕಡೆಯಿಂದ ಗಾಡಿ ಬಂದಿದ್ದು 1888ರಲ್ಲಿ. ಕುಮಟಾ ಬಂದರು ಸೊರಗಿದ್ದೂ ಆಮೇಲೇ. ಹತ್ತಿ ಎಲ್ಲ ಗೋವಾದ ಮುರ್ಮುಗೋವಾ ಬಂದರಿನ ಕಡೆ ತಿರುಗಿತು.

ಕಡಲೂರ ಸೊಸೆ (ಹುಬ್ಬಳ್ಳಿ)
ನನ್ನ ತವರು ಕುಮಟಾ ಕಡೆ, ಮದುವೆಯಾಗಿ ಹುಬ್ಬಳ್ಳಿಗೆ ಬಂದು ಹದಿನಾರು ವರ್ಷ. ಓದಿ ಖುಷಿ ಆಯ್ತು. ಆದರೆ ಅಕ್ಕಾ, ಪಂಚಮಿಗೆ ಹಡಗಾ? ಎಂತದು ಮಾರಾಯ್ತಿ!

ಶ್ರಾವಣದಲ್ಲಿ ನಮ್ಮ ಕಡಲಿನ ಮುಖ ನೋಡಿದ್ದೀರಾ? ಜೂನ್ ಬಂತು ಅಂದರೆ ಹಾಯಿ ಹಡಗು ಎಲ್ಲ ದಡಕ್ಕೆ ಎಳೆದು, ಮೇಲೆ ತೆಂಗಿನ ಗರಿ ಹೊದಿಸಿ ಮಲಗಿಸಿಬಿಡುತ್ತಿದ್ದರು. ಮತ್ತೆ ಇಳಿಸೋದು ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಟ್ಟು ಪೂಜೆ ಮಾಡಿದ ಮೇಲೆ. ಪಂಚಮಿ ಅದಕ್ಕೂ ಹತ್ತು ದಿನ ಮೊದಲೇ ಬರುತ್ತದೆ. ನಿಮ್ಮ ನೀಲವ್ವ ಆ ದಿನ ಹೊರಟು ಕುಮಟಾಕ್ಕೆ ಬಂದರೆ ಅವಳಿಗೆ ಸಿಗೋದು ಮಳೆ, ಕೆಸರು, ಬೀಗ ಹಾಕಿದ ಗೋದಾಮು.

ಎರಿಹೊಲ (ಗದಗ)
ಹೌದಲ್ವಾ! ನನಗೆ ಹೊಳೆಯಲೇ ಇಲ್ಲ ನೋಡ್ರಿ. ಹತ್ತಿ ಲೆಕ್ಕದಲ್ಲೂ ತಪ್ಪು. ಶ್ರಾವಣದಲ್ಲಿ ಹತ್ತಿ ಇನ್ನೂ ಬಿತ್ತನೆ. ಬಿಡಿಸೋದು ಶಿವರಾತ್ರಿ, ಹೋಳಿ, ಯುಗಾದಿ ಸುತ್ತಮುತ್ತ. ಪಂಚಮಿಗೆ ಚಕ್ಕಡಿ ತುಂಬ ಅಂಡಿಗೆ ಎಲ್ಲಿಂದ ಬಂತು?

ಬ್ಯಾಡಗಿ ಖಾರ (ಹಾವೇರಿ)
ಕಾದಂಬರಿ ರೀ ಇದು. ಕೃಷಿ ಪಂಚಾಂಗ ಅಲ್ಲ. ಹತ್ತು ವರ್ಷದ ಹುಡುಗ ಹತ್ತಿ ಯಾವಾಗ ಬಿಡಿಸ್ತಾರೆ ಅಂತ ಲೆಕ್ಕ ಹಾಕ್ಕೊಂಡು ಕೂರ್ತಾನಾ? ಎಲ್ಲದರಲ್ಲೂ ತಪ್ಪು ತೆಗೆದರೆ ಯಾರು ಬರೀತಾರೆ?

ಐದನೇ ತರಗತಿ ಟೀಚರ್ (ಗದಗ)
ಲೆಕ್ಕ ಹಾಕ್ತಾರೆ ಸರ್. ಒಕ್ಕಲುತನದ ಮನೆ ಮಕ್ಕಳಿಗೆ ಇದೆಲ್ಲ ನಮಗಿಂತ ಚೆನ್ನಾಗಿ ಗೊತ್ತು. ಹೋದ ವರ್ಷ ಒಂದು ಕಥೆಯಲ್ಲಿ ರೈತ ಮೇ ತಿಂಗಳಲ್ಲಿ ಜೋಳ ಕೊಯ್ಯುತ್ತಾನೆ ಅಂತ ಇತ್ತು. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, "ಟೀಚರ್, ಇವರು ಬೆಂಗಳೂರಿನವರೇನ್ರಿ?" ಅಂದ. ಇಡೀ ಕ್ಲಾಸು ನಕ್ಕಿತು. ಆ ಪುಸ್ತಕವನ್ನು ಆಮೇಲೆ ಯಾರೂ ಮುಟ್ಟಲಿಲ್ಲ.

ಬ್ಯಾಡಗಿ ಖಾರ (ಹಾವೇರಿ)
ಸರಿ, ಸೋತೆ. ಆ ಹುಡುಗನಿಗೆ ಒಂದು ಪೆನ್ ಕೊಡಿಸಿ ನನ್ನ ಲೆಕ್ಕದಲ್ಲಿ.

ಜೋಕಾಲಿ (ಧಾರವಾಡ)
ಪಂಚಮಿ ತೆಗೆಯೋದಾ? ಎದೆ ಒಡೆಯುತ್ತೆ ನನಗೆ. ಇಡೀ ಕಥೆ ಹುಟ್ಟಿದ್ದೇ ಆ ಜೋಕಾಲಿಯಿಂದ. ನನ್ನ ಹೆಸರೇ ನೋಡಿ! ನೀಲವ್ವ ಬೇವಿನ ಮರದ ಜೋಕಾಲಿಯಲ್ಲಿ ಎಲ್ಲರಿಗಿಂತ ಎತ್ತರ ಜೀಕುವವಳು. ಎತ್ತರಕ್ಕೆ ಹೋದಾಗ ಹೊಟ್ಟೆಯಲ್ಲಿ ಏಳುವ ಆ ಚಳುಕು, ಅದೇ ಮುಂದೆ ಹಡಗಿನಲ್ಲಿ ಅಲೆ ಎತ್ತಿ ಇಳಿಸಿದಾಗ ಅವಳಿಗೆ ನೆನಪಾಗಬೇಕು. ಉಂಡಿ ಬೇರೆ ಇದೆ. ಓಡಿ ಹೋಗುವಾಗ ಸೆರಗಿನಲ್ಲಿ ಆರು ಉಂಡಿ ಕಟ್ಟಿಕೊಂಡಿರುತ್ತಾಳೆ.

ಎರಿಹೊಲ (ಗದಗ)
ಜೋಕಾಲಿ ಹಿಂದಿನ ವರ್ಷದ್ದು ಮಾಡಿರಿ ಅಕ್ಕಾರ. ಹೊರಡೋದು ಯುಗಾದಿ ಆದ ಮೇಲೆ. ಆಗ ಹತ್ತಿಯೂ ಸರಿ, ಕಡಲೂ ಸರಿ. ಜೊತೆಗೆ ಗಡಿಬಿಡಿ ಒಂದು ಸಿಗುತ್ತದೆ. ಮಳೆ ಬರೋಕೆ ಮೊದಲು ಎಲ್ಲ ಹತ್ತಿ ಸಾಗಬೇಕು. ಸಾಗದಿದ್ದರೆ ನಾಲ್ಕು ತಿಂಗಳು ಗೋದಾಮಿನಲ್ಲೇ ಕೊಳೆಯೋದು. ಹುಬ್ಬಳ್ಳಿಯಿಂದ ಕುಮಟಾ ನೂರಾ ಅರವತ್ತು ಕಿಲೋಮೀಟರ್ ಆಸುಪಾಸು. ತುಂಬಿದ ಚಕ್ಕಡಿ ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಹೋದರೆ ಜಾಸ್ತಿ. ಗದಗಿನಿಂದ ಅಂದರೆ ಇನ್ನೂ ಮೂರು ದಿನ ಸೇರಿಸಿ. ಎತ್ತಿಗೆ ಶಿರಸಿಯಲ್ಲಿ ವಿಶ್ರಾಂತಿ, ಆಮೇಲೆ ದೇವಿಮನೆ ಘಟ್ಟ. ಹತ್ತು ಹನ್ನೆರಡು ದಿನ ಹುಡುಗಿ ಅಂಡಿಗೆಯಲ್ಲಿ ಅಡಗಿ ಕೂರೋದು ಮಾತ್ರ ಆಗದ ಮಾತು. ಎರಡನೇ ದಿನವೇ ಸೀನುತ್ತಾಳೆ. ನಮ್ಮ ಮನೆಯಲ್ಲಿ ಹತ್ತಿ ತುಂಬಿದ ಕೋಣೆಗೆ ಹೋದರೆ ನನಗೆ ಈಗಲೂ ಮೂಗು ಕಟ್ಟುತ್ತದೆ.

ಕಡಲೂರ ಸೊಸೆ (ಹುಬ್ಬಳ್ಳಿ)
ಸೀನೋದು ಇಟ್ಟುಕೊಳ್ಳಿ ಅಕ್ಕಾ! ಬಂಡಿಯವನಿಗೆ ಸಿಕ್ಕಿಬೀಳಲಿ. ಅವನು ಬೈದು, ಆಮೇಲೆ ರೊಟ್ಟಿ ಕೊಟ್ಟು ಕರ್ಕೊಂಡು ಹೋಗಲಿ. ಬಂಡಿಗಳು ಇಳಿಯುವಾಗ ಹತ್ತಿ, ಏರುವಾಗ ಸಾಣಿಕಟ್ಟಾ ಉಪ್ಪು, ತೆಂಗಿನಕಾಯಿ. ಹಾಗಾಗಿ ಘಟ್ಟದ ಮೇಲೆ ಎದುರು ಬರುವ ಬಂಡಿಯ ಉಪ್ಪಿನ ಚೀಲ ನೆಕ್ಕಿ ನೋಡಿ, "ಇದು ಸಮುದ್ರದ ರುಚಿ" ಅಂತ ಅವಳಿಗೆ ಮೊದಲೇ ಗೊತ್ತಾಗಬಹುದು.

ಉಣಕಲ್ ಕೆರೆ (ಹುಬ್ಬಳ್ಳಿ)
ಉಪ್ಪಿನ ಮಾತು ಬಂದಾಗ ನೆನಪಾಯ್ತು. ನಾವು ಎಂಟನೇ ಇಯತ್ತೆಯಲ್ಲಿ ಕಾರವಾರಕ್ಕೆ ಟ್ರಿಪ್ ಹೋಗಿದ್ವಿ. ಅರಬೈಲ್ ಘಟ್ಟದಲ್ಲಿ ಅರ್ಧ ಬಸ್ಸು ವಾಂತಿ. ಸಮುದ್ರ ನೋಡಿದ ಕೂಡಲೇ ನನ್ನ ಗೆಳೆಯ ಮಾಸ್ತರಿಗೆ ಕೇಳಿದ, "ಸರ್, ಆ ಕಡೆ ದಂಡಿ ಯಾವ ಊರು?" ಮಾಸ್ತರು ತುಸು ಹೊತ್ತು ಸುಮ್ಮನಿದ್ದು, "ಅರಬಸ್ತಾನ, ಸಂಜೆ ಆಯ್ತು, ನಾಳೆ ಹೋಗೋಣು" ಅಂದರು. ಅವನು ರಾತ್ರಿಯೆಲ್ಲ ಖುಷಿಯಲ್ಲಿ ನಿದ್ದೆ ಮಾಡಲಿಲ್ಲ.

ಸುಮ್ನೆ ಓದುಗ (ಹುಬ್ಬಳ್ಳಿ)
ಹಹ್ಹಾ. ಈ ಮಾತು ಕಾದಂಬರಿಗೆ ಹೋಗಲೇಬೇಕು.

ತುಂಗಭದ್ರೆ (ಹಾವೇರಿ)
ನನ್ನದೊಂದು ತಕರಾರು. ಗದಗಿನ ಹುಡುಗಿಯೇ ಯಾಕೆ? ನಮ್ಮ ಕಡೆಯವಳನ್ನು ಮಾಡಿ. ಗಳಗನಾಥದಲ್ಲಿ ವರದಾ ಬಂದು ತುಂಗಭದ್ರೆಗೆ ಸೇರುತ್ತದೆ. ಅಲ್ಲಿ ಹರಿಗೋಲು ಹಾಕುವ ಮನೆಯ ಹುಡುಗಿ ಅಂದರೆ ನೀರಿನ ಗುಣ ಬಲ್ಲವಳು. ಹಡಗಿನಲ್ಲಿ ಕೆಲಸಕ್ಕೆ ಬರುತ್ತಾಳೆ. ಗದಗಿನವಳಿಗೆ ಈಜು ಬರುತ್ತದಾ?

ಐದನೇ ತರಗತಿ ಟೀಚರ್ (ಗದಗ)
ಭೀಷ್ಮ ಕೆರೆ ಇದೆ ರೀ ನಮ್ಮಲ್ಲಿ. ಬಾವಿಗಳೂ ಇದ್ದವು. ಹಗುರ ಮಾತಾಡಬೇಡಿ.

ಜೋಕಾಲಿ (ಧಾರವಾಡ)
ನೀರು ಬಲ್ಲವಳು ಬೇಡ ಅಂತಲೇ ಗದಗ ಆರಿಸಿದ್ದು. ನೀರೇ ಕಾಣದವಳು ಕಡಲು ನೋಡಬೇಕು. ಮೊದಲ ಸಲ ನೋಡಿದಾಗ ಅವಳಿಗೆ ಅದು ಉಳುಮೆ ಮಾಡಿದ ಎರಿ ಹೊಲದ ಹಾಗೆ ಕಾಣುತ್ತದೆ, ಸಾಲು ಸಾಲು. ಇದನ್ನು ಮಾತ್ರ ನಾನು ಬಿಡಲ್ಲ.

ಎರಿಹೊಲ (ಗದಗ)
ಬಿಡಬ್ಯಾಡ್ರಿ.

ಗೆಜೆಟಿಯರ್ ಹುಳು (ಧಾರವಾಡ)
ಗಂಡು ವೇಷದ ಬಗ್ಗೆ ಯಾರೂ ಮಾತಾಡಿಲ್ಲ. 1766ರಲ್ಲಿ ಝಾನ್ ಬಾರೆ ಅನ್ನುವ ಫ್ರೆಂಚ್ ಹೆಂಗಸು ಗಂಡಸಿನ ಬಟ್ಟೆ ಹಾಕಿ, ಸಸ್ಯ ವಿಜ್ಞಾನಿಯ ಸಹಾಯಕ ಅಂತ ಹೇಳಿಕೊಂಡು ಹಡಗು ಹತ್ತಿದಳು. ಪ್ರಪಂಚ ಸುತ್ತಿದ ಮೊದಲ ಹೆಂಗಸು ಅಂತ ಅವಳನ್ನೇ ಹೇಳುತ್ತಾರೆ. ಹಾಗಾಗಿ ನಿಮ್ಮ ಕಲ್ಪನೆಗೆ ಆಧಾರ ಇದೆ.

ಬ್ಯಾಡಗಿ ಖಾರ (ಹಾವೇರಿ)
ಆಧಾರ ಇದೆ, ಆದರೆ ಹಳಸಿದೆ. ಹುಡುಗಿ ಸಾಹಸ ಮಾಡಬೇಕು ಅಂದರೆ ಕೂದಲು ಕತ್ತರಿಸಿ ಹುಡುಗ ಆಗಲೇಬೇಕಾ? ನನ್ನ ಮಗಳು ಇಂಥ ನಾಲ್ಕು ಕಥೆ ಓದಿದ್ದಾಳೆ. "ಅಪ್ಪಾ, ಈಗ ಟೋಪಿ ಬೀಳುತ್ತೆ ನೋಡು, ಕೂದಲು ಹೊರಗೆ ಬರುತ್ತೆ" ಅಂತ ಮೊದಲೇ ಹೇಳಿಬಿಡುತ್ತಾಳೆ.

ಗೆಜೆಟಿಯರ್ ಹುಳು (ಧಾರವಾಡ)
ಆ ಕಾಲದಲ್ಲಿ ಹೆಂಗಸರು ಹಡಗು ಹತ್ತೋದು ಸುಲಭ ಇರಲಿಲ್ಲ ಸ್ವಾಮಿ.

ಬ್ಯಾಡಗಿ ಖಾರ (ಹಾವೇರಿ)
ಬಾಬರನ ಮಗಳು ಗುಲ್ಬದನ್ ಬೇಗಂ 1576ರಲ್ಲಿ ಸೂರತ್ತಿನಿಂದ ಹಡಗು ಹತ್ತಿ ಹಜ್‌ಗೆ ಹೋದಳು. ಐವತ್ತು ದಾಟಿತ್ತು. ಜೊತೆಗೆ ಮನೆಯ ಹೆಂಗಸರ ಒಂದು ಗುಂಪೇ ಇತ್ತು. 1582ರಲ್ಲಿ ವಾಪಸ್ ಬಂದಳು. ಯಾರೂ ಗಡ್ಡ ಅಂಟಿಸಿಕೊಂಡಿರಲಿಲ್ಲ.

ಸುಮ್ನೆ ಓದುಗ (ಹುಬ್ಬಳ್ಳಿ)
ಉಳ್ಳಾಲದ ಅಬ್ಬಕ್ಕನ ಕಾಲ ಮಾಡಿ ಮೇಡಂ. ಪೋರ್ಚುಗೀಸರು, ಬೆಂಕಿ ಬಾಣ, ಯುದ್ಧ! ಇಲ್ಲಾ ಗೇರುಸೊಪ್ಪೆಯ ಚೆನ್ನಭೈರಾದೇವಿ, ಕಾಳುಮೆಣಸಿನ ರಾಣಿ. ಹತ್ತಿ ಯಾರಿಗೆ ಬೇಕು?

ಜೋಕಾಲಿ (ಧಾರವಾಡ)
ಅವರಿಬ್ಬರ ಮೇಲೂ ಗೌರವ ಇದೆ. ಆದರೆ ರಾಣಿಯಾದರೆ ಹಡಗು ಅವಳಿಗಾಗಿ ಕಾಯುತ್ತದೆ. ನೀಲವ್ವ ಹಡಗಿಗಾಗಿ ಕಾಯಬೇಕು. ನನಗೆ ಬರೆಯೋಕೆ ಬರೋದು ಆ ಕಾಯೋದೇ.

ಕಡಲೂರ ಸೊಸೆ (ಹುಬ್ಬಳ್ಳಿ)
ವೇಷ ಬೇಡವೇ ಬೇಡ. ನಮ್ಮ ಕರಾವಳಿಯಿಂದ ಮುಂಬೈಗೆ ಸಂಸಾರ ಸಮೇತ ಹಡಗಿನಲ್ಲಿ ಹೋದವರು ಎಷ್ಟೋ ಜನ. ಮುಂಬೈಗೆ ಹೊರಟ ಯಾವುದಾದರೂ ಅಜ್ಜಿಯ ಜೊತೆ ಮೊಮ್ಮಗಳ ಹಾಗೆ ಸೇರಿಸಿಬಿಡಿ. ಅಜ್ಜಿ ಕೊಂಕಣಿ, ಹುಡುಗಿ ಗದಗಿನ ಕನ್ನಡ. ಒಬ್ಬರ ಮಾತು ಒಬ್ಬರಿಗೆ ಅರ್ಧ ಅರ್ಥ. ಅದರಲ್ಲೇ ನಾಲ್ಕು ಅಧ್ಯಾಯ ಆಗುತ್ತದೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ "ಬಾನ ಇಡು" ಅಂದಾಗ, ಬಾನ ಅಂದರೆ ಅನ್ನ ಅಂತ ಗೊತ್ತಿಲ್ಲದೆ, ಆಕಾಶ ಎಲ್ಲಿ ಇಡಲಿ ಅಂತ ನಿಂತಿದ್ದೆ, ಗೊತ್ತಾ?

ಈಗ ಹಡಗಿನ ಒಳಗಿನ ವಿಷಯ. ನನ್ನ ಅಜ್ಜ ಮಚವೆ ಅನ್ನುವ ಹಾಯಿ ಹಡಗಿನಲ್ಲಿ ಹೋಗಿ ಬಂದವರು. ಅವರಿಂದ ಕೇಳಿದ್ದು, ಅವರು ತಮ್ಮ ಹಿರಿಯರಿಂದ ಕೇಳಿದ್ದು ಎರಡೂ ಸೇರಿಸಿ ಹೇಳುತ್ತೇನೆ.

ಯಜಮಾನನಿಗೆ ತಾಂಡೇಲ ಅನ್ನಬೇಕು. ಕ್ಯಾಪ್ಟನ್ ಅಂತ ಬರೆದರೆ ನಾನು ಓದಲ್ಲ. ಕೆಲಸದವರು ಖಲಾಸಿಗಳು. ಕುಮಟಾದಲ್ಲಿ ದೊಡ್ಡ ಹಡಗು ದಡಕ್ಕೆ ಬರುತ್ತಿರಲಿಲ್ಲ, ಹೊರಗೆ ಲಂಗರು ಹಾಕಿ ನಿಲ್ಲುತ್ತಿತ್ತು. ಹತ್ತಿಯೂ ಜನವೂ ಸಣ್ಣ ದೋಣಿಯಲ್ಲಿ ಹೋಗಿ ಹತ್ತಬೇಕು. ನೀಲವ್ವನಿಗೆ ನಿಜವಾದ ಹೆದರಿಕೆ ಅಲ್ಲೇ. ಸಣ್ಣ ದೋಣಿ ಕೆಳಗಿಳಿಯುತ್ತದೆ, ಹಡಗು ಮೇಲೇರುತ್ತದೆ, ಮಧ್ಯೆ ಕೈ ಚಾಚಬೇಕು.

ಪತ್ತೆಮಾರಿ ಉದ್ದ, ಸಪೂರ. ಕೂವೆಮರ, ಅಂದರೆ ಹಾಯಿ ಕಟ್ಟುವ ಕಂಬ, ನೆಟ್ಟಗೆ ಇರಲ್ಲ, ಸ್ವಲ್ಪ ಮುಂದಕ್ಕೆ ಬಾಗಿರುತ್ತದೆ. ಅದಕ್ಕೆ ಓರೆಯಾಗಿ ಉದ್ದನೆ ಅಡ್ಡಮರ, ಅದರಲ್ಲಿ ಮೂರು ಮೂಲೆಯ ಹಾಯಿ. ನೀವು ಹಗ್ಗದ ಏಣಿ ಹತ್ತಿಸಿದ್ದರೆ ತೆಗೆಯಿರಿ. ಅದು ಇಂಗ್ಲಿಷರ ಹಡಗಿನದು. ನಮ್ಮಲ್ಲಿ ತೆಂಗಿನ ಮರ ಹತ್ತಿದ ಹಾಗೆ ಹಗ್ಗ ಹಿಡಿದು ಹತ್ತೋದೇ.

ವಾಸನೆ ಮರೆಯಬೇಡಿ. ಮರಕ್ಕೆ ಮೀನೆಣ್ಣೆ ಬಳಿದಿರುತ್ತಾರೆ. ಮೊದಲ ದಿನ ಹೊಟ್ಟೆ ತೊಳಸೋದು ಅಲೆಯಿಂದಲ್ಲ, ಆ ವಾಸನೆಯಿಂದ. ಅಡುಗೆಗೆ ಮಣ್ಣು ತುಂಬಿದ ಪೆಟ್ಟಿಗೆ, ಅದರ ಮೇಲೆ ಒಲೆ. ಹತ್ತಿ ತುಂಬಿದ ಹಡಗು ಅಂದರೆ ಆ ಒಲೆಯ ಹತ್ತಿರ ಒಬ್ಬ ಯಾವಾಗಲೂ ಕಣ್ಣಿಟ್ಟು ಕೂರಬೇಕು. ಒಂದು ಕಿಡಿ ಸಾಕು. ಗಂಜಿ, ಒಣಮೀನು, ಅಷ್ಟೇ ಊಟ.

ಜೋಕಾಲಿ (ಧಾರವಾಡ)
ಹಗ್ಗದ ಏಣಿ ಇತ್ತು. ಮೂರು ಪುಟ. ತೆಗೆದೆ. ಅಳು ಬಂತು.

ಒಣಮೀನು ಅವಳು ತಿನ್ನಲ್ಲ. ಕಟಕ ರೊಟ್ಟಿ ಗಂಟು ಕಟ್ಟಿಕೊಂಡು ಹೋಗಿರುತ್ತಾಳೆ, ಜೊತೆಗೆ ಶೇಂಗಾ ಹಿಂಡಿ (ಚಟ್ನಿಪುಡಿ). ತಿಂಗಳು ಇಟ್ಟರೂ ಕೆಡಲ್ಲ.

ಕಡಲೂರ ಸೊಸೆ (ಹುಬ್ಬಳ್ಳಿ)
ತಿಂಗಳು ಕೆಡದೇ ಇರೋದು ನಿಮ್ಮ ಒಣ ಹವೆಯಲ್ಲಿ! ನಾನು ತವರಿಗೆ ಹೋಗುವಾಗ ಪ್ರತಿ ಸಲ ಕಟಕ ರೊಟ್ಟಿ ಒಯ್ಯುತ್ತೇನೆ. ಎರಡನೇ ದಿನ ಚರ್ಮದ ಹಾಗೆ ಮೆತ್ತಗಾಗುತ್ತದೆ. ಮುರಿದರೆ "ಟಕ್" ಅನ್ನಲ್ಲ, ಬಾಗುತ್ತದೆ. ಮಡಚಿ ಜೇಬಲ್ಲಿ ಇಟ್ಟುಕೊಳ್ಳಬಹುದು. ಐದಾರು ದಿನಕ್ಕೆ ಹಸಿರು ಚುಕ್ಕೆ.

ಎರಿಹೊಲ (ಗದಗ)
ಶೇಂಗಾ ಬದಲು ಅಗಸಿ ಹಿಂಡಿ ಅಥವಾ ಗುರೆಳ್ಳು ಹಿಂಡಿ ಬರೆಯಿರಿ. ಶೇಂಗಾ ದಕ್ಷಿಣ ಅಮೆರಿಕದಿಂದ ಬಂದ ಬೆಳೆ. ನಮ್ಮ ಹೊಲಗಳಲ್ಲಿ ಇಷ್ಟೊಂದು ಹಬ್ಬಿದ್ದು ಆಮೇಲೆ. ಅಗಸಿಗೆ ಯಾರೂ ತಕರಾರು ಮಾಡಲ್ಲ.

ಬ್ಯಾಡಗಿ ಖಾರ (ಹಾವೇರಿ)
ಮೆಣಸಿನಕಾಯಿಯೂ ಅಲ್ಲಿಂದಲೇ ಬಂದಿದ್ದು. ಅದನ್ನೂ ತೆಗೀತೀರಾ? ಕೈ ಹಚ್ಚಿ ನೋಡಿ.

ಎರಿಹೊಲ (ಗದಗ)
ನಿಮ್ಮ ಮೆಣಸಿನಕಾಯಿ ಅಷ್ಟೊತ್ತಿಗೆ ಬಂದು ಮುನ್ನೂರು ವರ್ಷ ಆಗಿತ್ತು ಅಣ್ಣಾ. ಹೆದರಬೇಡಿ.

ಐದನೇ ತರಗತಿ ಟೀಚರ್ (ಗದಗ)
ಮಕ್ಕಳು ಕೇಳುವ ಪ್ರಶ್ನೆ ಈಗಲೇ ಕೇಳಿಬಿಡುತ್ತೇನೆ. ಸಂಡಾಸಿಗೆ ಎಲ್ಲಿ ಹೋಗ್ತಾರೆ?

ಕಡಲೂರ ಸೊಸೆ (ಹುಬ್ಬಳ್ಳಿ)
ಹಡಗಿನ ಹಿಂಭಾಗದಲ್ಲಿ ಹೊರಗಡೆ ಒಂದು ಮರದ ಪೆಟ್ಟಿಗೆ ತೂಗುಹಾಕಿರುತ್ತಾರೆ, ತಳ ಇರಲ್ಲ. ಕೆಳಗೆ ನೋಡಿದರೆ ಕಡಲು. ಗಂಡು ವೇಷ ಎರಡು ದಿನವೂ ನಿಲ್ಲದೇ ಇರೋದಕ್ಕೆ ಇದೂ ಒಂದು ಕಾರಣ.

ಐದನೇ ತರಗತಿ ಟೀಚರ್ (ಗದಗ)
ಇದೊಂದು ಪುಟ ಸಾಕು ಮೇಡಂ. ನನ್ನ ಕ್ಲಾಸಿನಲ್ಲಿ ಪುಸ್ತಕ ಹರಿದುಹೋಗುವವರೆಗೆ ಓದುತ್ತಾರೆ.

ತುಂಗಭದ್ರೆ (ಹಾವೇರಿ)
ಗಾಳಿ ಹೇಗೆ? ಹಿಂದಿನಿಂದ ಬೀಸಿ ಸರ್‍ರಂತ ಮುಂಬೈಗೆ ತಳ್ಳುತ್ತದಾ?

ಕಡಲೂರ ಸೊಸೆ (ಹುಬ್ಬಳ್ಳಿ)
ಇಲ್ಲ ಇಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ ಜಾಸ್ತಿ ಬೀಸೋದು ವಾಯವ್ಯದಿಂದ, ಅಂದರೆ ಮುಂಬೈಗೆ ಹೋಗುವವರಿಗೆ ಎದುರು. ಹಾಗಾಗಿ ರಾತ್ರಿ, ಬೆಳಗಿನ ಜಾವ ನೆಲದಿಂದ ಬೀಸುವ ಗಾಳಿ ಹಿಡಿದು ಹೊರಗೆ ಹೋಗಬೇಕು. ಮಧ್ಯಾಹ್ನ ಕಡಲ ಗಾಳಿ ಬಂದಾಗ ಓರೆಯಾಗಿ ವಾಪಸ್ ದಡದ ಕಡೆ. ಹೀಗೆ ಅಂಕುಡೊಂಕು ಹೊಡೆಯುತ್ತ ಐದುನೂರು ಕಿಲೋಮೀಟರಿಗೂ ಜಾಸ್ತಿ. ಬರುವಾಗ ಸುಲಭ.

ಅಜ್ಜ ಮುದುಕರಾದ ಮೇಲೂ ರಾತ್ರಿ ಗಾಳಿ ತಿರುಗಿದರೆ ನಿದ್ದೆಯಿಂದ ಎದ್ದು ಕೂರುತ್ತಿದ್ದರು. "ಕಿವಿ ಹಿಂದೆ ತಣ್ಣಗಾಯ್ತು, ಘಟ್ಟದ ಗಾಳಿ ಬಂತು" ಅನ್ನುತ್ತಿದ್ದರು. ನಾವು ಮಲಗಿದ್ದು ಹಂಚಿನ ಮನೆಯೊಳಗೆ, ಬಾಗಿಲು ಹಾಕಿತ್ತು.

ಜೋಕಾಲಿ (ಧಾರವಾಡ)
ಈ ಸಾಲು ಓದಿ ಐದು ನಿಮಿಷ ಸುಮ್ನೆ ಕೂತಿದ್ದೆ. ನಿಮ್ಮ ಅಜ್ಜನನ್ನು ತಾಂಡೇಲ ಮಾಡಲಾ?

ಕಡಲೂರ ಸೊಸೆ (ಹುಬ್ಬಳ್ಳಿ)
ಮಾಡಿ. ಸಿಟ್ಟಿನವರು ಅಂತ ಮಾತ್ರ ಬರೆಯಬೇಡಿ, ತಾಯಿ ಬೇಜಾರು ಮಾಡಿಕೊಳ್ಳುತ್ತಾರೆ. ಸಿಟ್ಟಿನವರೇ ಆಗಿದ್ದರು.

ಸುಮ್ನೆ ಓದುಗ (ಹುಬ್ಬಳ್ಳಿ)
ಒಂದು ಸಂಶಯ. ಸಮುದ್ರ ದಾಟಿದರೆ ಜಾತಿ ಹೋಗುತ್ತದೆ ಅಂತಿದ್ದರಲ್ಲ? ಊರಲ್ಲಿ ಬಿಡ್ತಾರಾ ಅವಳನ್ನು?

ಗೆಜೆಟಿಯರ್ ಹುಳು (ಧಾರವಾಡ)
ಆ ಗಲಾಟೆ ವಿಲಾಯತಿಗೆ ಹೋದವರಿಗೆ. ದಡ ಕಾಣುವಷ್ಟು ದೂರದಲ್ಲೇ ಮುಂಬೈಗೆ ಹೋಗಿ ಬಂದವರಿಗೆ ಪ್ರಾಯಶ್ಚಿತ್ತ ಮಾಡಿಸಲು ಹೊರಟಿದ್ದರೆ ಅರ್ಧ ಕರಾವಳಿ ಸಾಲು ನಿಲ್ಲಬೇಕಾಗುತ್ತಿತ್ತು.

ಉಣಕಲ್ ಕೆರೆ (ಹುಬ್ಬಳ್ಳಿ)
ಭಾಷೆ ಯಾವುದು ಮೇಡಂ? ನೀಲವ್ವ "ನಾನು ಹೋಗುತ್ತೇನೆ" ಅಂದರೆ ನಾನು ಪುಸ್ತಕ ಕೊಳ್ಳಲ್ಲ. "ನಾ ಹೊಕ್ಕೇನಿ" ಅನ್ನಬೇಕು.

ಬ್ಯಾಡಗಿ ಖಾರ (ಹಾವೇರಿ)
ಮಾತು ನಮ್ಮದು, ವಿವರಣೆ ಪುಸ್ತಕದ್ದು. ಅದರಲ್ಲಿ ಜಗಳ ಏನಿದೆ? ಮೈಸೂರಿನ ಮಗುವೂ ಓದಬೇಕಲ್ವಾ?

ಉಣಕಲ್ ಕೆರೆ (ಹುಬ್ಬಳ್ಳಿ)
ಮೈಸೂರಿನ ಮಗು ಕಲೀಲಿ. ನಾವು ಇಷ್ಟು ವರ್ಷ ಅವರ ಕನ್ನಡ ಓದಿ ಪಾಸಾಗಿಲ್ವಾ?

ತುಂಗಭದ್ರೆ (ಹಾವೇರಿ)
ಇದು ಶುರುವಾದರೆ ನಾಳೆ ಬೆಳಗ್ಗೆವರೆಗೆ ನಡೆಯುತ್ತದೆ. ಬೇರೆ ಮಾತು: 2017ರಲ್ಲಿ ನೌಕಾಪಡೆಯ ಆರು ಹೆಣ್ಣುಮಕ್ಕಳು ಗೋವಾದಿಂದ ತಾರಿಣಿ ಅನ್ನೋ ಹಾಯಿ ಹಡಗಿನಲ್ಲಿ ಹೊರಟು, ಪ್ರಪಂಚ ಸುತ್ತಿ 2018ರ ಮೇನಲ್ಲಿ ಬಂದರು. ಗೋವಾ ಅಂದರೆ ಕಾರವಾರದ ಪಕ್ಕ. ನೀಲವ್ವನ ಮರಿಮೊಮ್ಮಗಳು ಅದನ್ನು ಟೀವಿಯಲ್ಲಿ ನೋಡೋದು ಕೊನೆಗೆ ಇಡಬಹುದೇನೋ.

ಬ್ಯಾಡಗಿ ಖಾರ (ಹಾವೇರಿ)
ದಯವಿಟ್ಟು ಬೇಡ. ಕೊನೆಗೆ ಟೀವಿ ಬಂದರೆ ಅದು ಭಾಷಣ ಆಗುತ್ತದೆ.

ಜೋಕಾಲಿ (ಧಾರವಾಡ)
ಟೀವಿ ಇಲ್ಲ. ನಿನ್ನೆ ರಾತ್ರಿ ಎರಡು ಗಂಟೆವರೆಗೆ ಕೂತು ಒಂದು ತುಣುಕು ಬದಲಿಸಿದೆ. ಬೈಯಿರಿ.

"ಸಣ್ಣ ದೋಣಿ ಕೆಳಗಿಳಿಯಿತು. ಹಡಗು ಮೇಲೆದ್ದಿತು. 'ಕೈ ಕೊಡು' ಅಂತ ಯಾರೋ ಕೂಗಿದರು, ಯಾವ ಭಾಷೆಯೋ ತಿಳಿಯಲಿಲ್ಲ, ಕೈ ಮಾತ್ರ ಕಂಡಿತು. ನೀಲವ್ವನ ಹೊಟ್ಟೆಯಲ್ಲಿ ಆ ಚಳುಕು ಎದ್ದಿತು. ಇದು ಗೊತ್ತಿದ್ದದ್ದೇ. ಬೇವಿನ ಮರದ ಜೋಕಾಲಿ ಹಿಂದಕ್ಕೆ ಹೋಗಿ, ಇನ್ನೇನು ಮುಂದೆ ಬರಬೇಕು ಅನ್ನುವಾಗ ಒಂದು ಗಳಿಗೆ ನಿಲ್ಲುತ್ತದಲ್ಲ, ಆಗಲೇ ಮೊಣಕಾಲು ಮಡಚಬೇಕು. ಅವಳು ಅಲೆ ನಿಲ್ಲುವುದನ್ನು ಕಾದಳು. ಮಡಚಿದಳು. ಜಿಗಿದಳು. ಸೊಂಟದ ಗಂಟಿನಲ್ಲಿದ್ದ ರೊಟ್ಟಿ ಮುರಿಯಲಿಲ್ಲ, ಬಾಗಿತು."

ಎರಿಹೊಲ (ಗದಗ)
ರೊಟ್ಟಿ ಬಾಗಿತು! ಮುಗೀತು, ನಾನು ಹತ್ತು ಪ್ರತಿ ತಗೋತೀನಿ.

ಕಡಲೂರ ಸೊಸೆ (ಹುಬ್ಬಳ್ಳಿ)
ಅಲೆ ನಿಲ್ಲೋದನ್ನು ಕಾಯೋದು ಸರಿಯಾಗಿದೆ. ನಮ್ಮಲ್ಲಿ ಮಕ್ಕಳಿಗೆ ಹಾಗೇ ಕಲಿಸೋದು.

ಗೆಜೆಟಿಯರ್ ಹುಳು (ಧಾರವಾಡ)
ಚೆನ್ನಾಗಿದೆ. ಅಂಡಿಗೆಯ ಕಾಳಿನ ವಿಷಯ ಯಾವ ಅಧ್ಯಾಯದಲ್ಲಿ ಬರುತ್ತದೆ?

ಬ್ಯಾಡಗಿ ಖಾರ (ಹಾವೇರಿ)
ಮಗಳಿಗೆ ಓದಿ ಹೇಳಿದೆ. ಅವಳದು ಒಂದೇ ಪ್ರಶ್ನೆ: ಹಡಗಿನಲ್ಲಿ ಬೆಕ್ಕು ಇಲ್ವಾ?

ಜೋಕಾಲಿ (ಧಾರವಾಡ)
ಇದೆ ಅಂತ ಹೇಳಿ. ಈಗಷ್ಟೇ ಹತ್ತಿತು. ಇಲಿ ಇದ್ದಲ್ಲಿ ಬೆಕ್ಕು ಬೇಕಲ್ಲ. ಹೆಸರು ಏನಿಡಲಿ ಕೇಳಿ.

ಬ್ಯಾಡಗಿ ಖಾರ (ಹಾವೇರಿ)
"ಒಣಮೀನು" ಅಂತೆ.